ನಾಲ್ಕು ಮನೆ ಖಾಲಿ

ಗುಂಡ್ಲುಪೇಟೆ
೨೪-೭-೧೯೫೫

‘ಗಿರಿಸೀಮೆ’ ವಾರಪತ್ರಿಕೆಯಲ್ಲಿ ಪದಬಂಧ ಕಟ್ಟುವ ಪಂಡಿತ ಗುರುಮಲ್ಲಯ್ಯನವರಿಗೆ ಶರಣು.

ನಿಮ್ಮ ಮುಖ ನಾನು ನೋಡಿಲ್ಲ. ಆದರೆ ನಿಮ್ಮ ಮೇಲೆ ಸಿಟ್ಟು ಮಾತ್ರ ಪ್ರತಿ ಶನಿವಾರ ತಪ್ಪದೆ ಬರುತ್ತದೆ. ಮೊದಲನೆ ವಾರ “ತಿರುಗಿ ನೋಡಿದರೂ ಬದಲಾಗದ ಕಣ್ಣು” ಎಂದು ಕೇಳಿದಿರಿ, ಮೂರು ಮನೆ. ‘ನಯನ’ ಎಂದು ಬರೆದೆ. ಹಿಂದಿನಿಂದ ಓದಿದರೂ ನಯನವೇ. ಚೆನ್ನಾಗಿತ್ತು, ಒಪ್ಪಿಕೊಂಡೆ. ಆದರೆ ಅದರ ಕೆಳಗೇ “ಒಂದು ಹಕ್ಕಿ” ಎಂದು ಬರೆದು ನಾಲ್ಕು ಮನೆ ಕೊಟ್ಟು ಕೈತೊಳೆದುಕೊಂಡಿರಲ್ಲ, ಅದಕ್ಕೆ ಸುಳಿವು ಅನ್ನುತ್ತಾರೆಯೇ? ನಾನು ಹಂಗಳದಲ್ಲಿ ಕಾಡಿನಂಚಿಗೆ ಹುಟ್ಟಿದವಳು. ಪಾರಿವಾಳವೂ ನಾಲ್ಕು ಮನೆ, ಚಕ್ರವಾಕವೂ ನಾಲ್ಕು ಮನೆ. ಅಡ್ಡ ಸಾಲಿನಿಂದ ಸಿಕ್ಕ ‘ವಾ’ ಎರಡಕ್ಕೂ ಹೊಂದುತ್ತದೆ. ಕಣ್ಣು ಮುಚ್ಚಿಕೊಂಡು ಪಾರಿವಾಳ ಎಂದು ಬರೆದೆ. ಸರಿಯಾಯಿತು. ಹೀಗೆ ಅದೃಷ್ಟದಿಂದ ಗೆದ್ದರೆ ನನಗೆ ಸಮಾಧಾನವಿಲ್ಲ. ಒಂದು ಸುಳಿವಿಗೆ ಒಂದೇ ಉತ್ತರ ಇರಬೇಕು, ಸಿಕ್ಕಿದ ಮೇಲೆ ‘ಅಯ್ಯೋ, ಇದೇನಾ!’ ಅನ್ನಿಸಬೇಕು. “ಅರಸನ ತಲೆ ತೆಗೆದರೆ ಲೋಟಕ್ಕೆ ಹಿಂಡಬಹುದು.” ಎರಡು ಮನೆ. ಇದು ನಾನು ಕಟ್ಟಿದ್ದು. ಉತ್ತರ ‘ರಸ’ ಎಂದು ನಿಮಗೆ ಹೇಳಬೇಕಾಗಿಲ್ಲ.

ಹನ್ನೆರಡು ವಾರವೂ ಒಂದೂ ತಪ್ಪಿಲ್ಲದೆ ಬಿಡಿಸಿದವರ ಸ್ವಂತ ಪದಬಂಧವನ್ನು ದೀಪಾವಳಿ ಸಂಚಿಕೆಯ ಪೂರ್ತಿ ಪುಟದಲ್ಲಿ, ಅವರ ಹೆಸರು ಹಾಕಿ ಅಚ್ಚು ಮಾಡುತ್ತೇವೆ ಎಂದಿದ್ದೀರಿ. ನನ್ನದು ಆಗಲೇ ತಯಾರಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ವರ್ಷ ಅಳಿಸಿ ಬರೆದು, ಬರೆದು ಅಳಿಸಿ ಕಟ್ಟಿದ್ದು.

ಒಂದು ಮಾತು ಹೇಳುತ್ತೇನೆ, ನಗಬೇಡಿ. ನನ್ನ ಹೆಸರನ್ನು ಎಲ್ಲಾದರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ತವರಿನಿಂದ ಬಂದ ಕೊಳಗದ ಮೇಲೆ ಅಪ್ಪನ ಹೆಸರಿದೆ. ನಮ್ಮ ದಿನಸಿ ಅಂಗಡಿಯ ಬೋರ್ಡಿನ ಮೇಲೆ ತೀರಿಹೋದ ಮಾವನವರ ಹೆಸರಿದೆ. ಆ ಪುಟದ ಕೆಳಗೆ ‘ಶಾಂತಮಲ್ಲಮ್ಮ, ಗುಂಡ್ಲುಪೇಟೆ’ ಎಂದು ಅಚ್ಚಾಗಿ ಬರಬೇಕು. ಅಷ್ಟೇ ನನ್ನ ಆಸೆ.

ಉತ್ತರ ಬರೆದರೆ ನಮ್ಮ ಅತ್ತೆ ದೊಡ್ಡಮಲ್ಲಮ್ಮನವರ ಮನೆ, ಸಂತೆಬೀದಿ ಎಂದು ವಿಳಾಸ ಹಾಕಿ.

ಇಂತಿ,
ಶಾಂತಮಲ್ಲಮ್ಮ


ಚಾಮರಾಜನಗರ
೨೯-೭-೧೯೫೫

ಶ್ರೀಮತಿ ಶಾಂತಮಲ್ಲಮ್ಮನವರಿಗೆ,

ತಮ್ಮ ಕಾಗದ ತಲುಪಿತು. ಇಪ್ಪತ್ತೆರಡು ವರ್ಷಗಳಿಂದ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಹಕ್ಕಿಗೆ ಸುಳಿವು ಕೊಡುವುದು ಹೇಗೆಂದು ಈವರೆಗೆ ಯಾರೂ ನನಗೆ ಕಲಿಸಲು ಬಂದಿರಲಿಲ್ಲ. ಪದಬಂಧವನ್ನು ತಮ್ಮಂಥವರು ಮಾತ್ರವಲ್ಲ, ಕಟಿಂಗ್ ಅಂಗಡಿಯಲ್ಲಿ ಸರದಿಗೆ ಕಾಯುತ್ತ ಕೂತವರೂ ಬಿಡಿಸುತ್ತಾರೆ. ಎಲ್ಲವನ್ನೂ ಬಿಗಿ ಮಾಡಿದರೆ ಅವರು ಪತ್ರಿಕೆ ಮಡಿಸಿಟ್ಟು ಎದ್ದುಹೋಗುತ್ತಾರೆ. ಆದರೂ ಚಕ್ರವಾಕ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ ಎಂಬುದು ನಿಜ.

ಸ್ಪರ್ಧೆಯ ನಿಯಮಗಳನ್ನು ಮತ್ತೊಮ್ಮೆ ನೆನಪಿಸುತ್ತೇನೆ. ಪತ್ರಿಕೆಯಿಂದ ಕತ್ತರಿಸಿದ ಕೂಪನ್ನೇ ಆಗಬೇಕು. ಶಾಯಿಯಲ್ಲಿ, ಸ್ಪರ್ಧಿಯೇ ಸ್ವಂತ ಕೈಯಿಂದ ತುಂಬಬೇಕು. ತಿದ್ದಿರಬಾರದು. ಒಂದು ಮನೆಯೂ ಖಾಲಿ ಇರಬಾರದು. ಸರಿಯುತ್ತರವನ್ನು ನಾನು ಮೊದಲೇ ಲಕೋಟೆಯಲ್ಲಿಟ್ಟು ಅರಗು ಹಾಕಿ ಸಂಪಾದಕ ಪುಟ್ಟಬಸಪ್ಪನವರ ಕೈಗೆ ಕೊಟ್ಟಿರುತ್ತೇನೆ. ಆಮೇಲೆ ಅದರಲ್ಲಿ ನನ್ನ ಮಾತೂ ನಡೆಯುವುದಿಲ್ಲ.

ಅರಸನ ತಲೆ ತೆಗೆದದ್ದು ಪರವಾಗಿಲ್ಲ.

ಇಂತು,
ಗುರುಮಲ್ಲಯ್ಯ


ಗುಂಡ್ಲುಪೇಟೆ
೫-೯-೧೯೫೫

ಪಂಡಿತರಿಗೆ ಶರಣು.

ಶನಿವಾರದ ಪತ್ರಿಕೆ ನೋಡಿದೆ. ನೀವು ಮೊದಲ ಸಲ ಅಚ್ಚು ಹಾಕಿದ, ಏಳು ವಾರವೂ ತಪ್ಪಿಲ್ಲದವರ ಪಟ್ಟಿಯಲ್ಲಿ ಕುದೇರಿನ ರಂಗನಾಯಕ ಎಂಬುವರ ಹೆಸರೊಂದೇ ಇದೆ. ನನ್ನದಿಲ್ಲ.

ಇಲ್ಲದಿರುವುದು ಸರಿಯೇ. ಏಳನೆ ವಾರದ ಕೂಪನ್ನಿನಲ್ಲಿ ನಾನು ನಾಲ್ಕು ಮನೆ ಖಾಲಿ ಬಿಟ್ಟಿದ್ದೆ. “ನುಂಗಿದ್ದೂ ಇಲ್ಲ, ಉಗುಳಿದ್ದೂ ಇಲ್ಲ, ನಡುವೆಯೇ ತಡೆದವನು” ಎಂಬ ಸುಳಿವಿನ ಮನೆಗಳು. ಪಂಡಿತರೆ, ಇಷ್ಟು ವಾರಗಳಲ್ಲಿ ನೀವು ಕಟ್ಟಿದ ಸುಳಿವುಗಳಲ್ಲೆಲ್ಲ ಇದೇ ಚೆನ್ನ. ಓದಿದ ಗಳಿಗೆಯಲ್ಲೇ ಉತ್ತರ ಹೊಳೆಯಿತು. ಹೊಳೆದದ್ದೇ ಪೆನ್ನು ಮುಚ್ಚಿಟ್ಟೆ. ಆ ಪದ ನನಗೆ ಗೊತ್ತು, ಆದರೆ ನಾನು ಬರೆಯಲಾರೆ. ಗೊತ್ತಿದೆ ಎನ್ನುವುದಕ್ಕೆ ಸುತ್ತಲಿನ ಮನೆಗಳೇ ಸಾಕ್ಷಿ, ಎಲ್ಲವನ್ನೂ ಸರಿಯಾಗಿ ತುಂಬಿದ್ದೇನೆ.

ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಸಂಕೋಚವಾಗುತ್ತದೆ. ಹಿರಿಯರು ನೀವು, ಊಹಿಸಿಕೊಳ್ಳಬೇಕು. ಆ ನಾಲ್ಕು ಮನೆಯನ್ನು ತುಂಬಿದೆ ಎಂದೇ ಎಣಿಸಿ ನನ್ನನ್ನು ಪಟ್ಟಿಗೆ ಸೇರಿಸಿಕೊಳ್ಳಿ. ಒಂದು ವರ್ಷದ ಕೆಲಸ, ಹೀಗೆ ಹೋಗಬಾರದು.

ಇಂತಿ,
ಶಾಂತಮಲ್ಲಮ್ಮ


(ಕಾರ್ಡು)

ಚಾಮರಾಜನಗರ
೮-೯-೧೯೫೫

ಶ್ರೀಮತಿ ಶಾಂತಮಲ್ಲಮ್ಮನವರಿಗೆ,

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ದೇವತೆಗಳೂ ಅಸುರರೂ ಸಮುದ್ರ ಕಡೆದಾಗ ಹಾಲಾಹಲ ಹುಟ್ಟಿತು. ಲೋಕವನ್ನು ಉಳಿಸಲು ಶಿವನು ಅದನ್ನು ಕುಡಿದು ಗಂಟಲಿನಲ್ಲೇ ನಿಲ್ಲಿಸಿಕೊಂಡನು, ಕೊರಳು ನೀಲಿಯಾಯಿತು. ಆದ್ದರಿಂದ ಉತ್ತರ: ನೀಲಕಂಠ. ನೀಲಕಂಠ ಎಂದು ನಾಲ್ಕು ಸಲ ಬರೆದು ಅಭ್ಯಾಸ ಮಾಡಿ, ಇನ್ನೊಮ್ಮೆ ಮರೆಯುವುದಿಲ್ಲ.

ಗುರುಮಲ್ಲಯ್ಯ


ಗುಂಡ್ಲುಪೇಟೆ
೧೨-೯-೧೯೫೫

ಪಂಡಿತರಿಗೆ.

ನಿಮ್ಮ ಕಾರ್ಡು ಬಂತು. ಲಕೋಟೆಯಲ್ಲಿ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಪೋಸ್ಟಿನ ಮಾದಣ್ಣ ಅದನ್ನು ಮನೆಗೆ ತರಲಿಲ್ಲ, ನೇರ ಅಂಗಡಿಯಲ್ಲಿ ನಮ್ಮ ಮನೆಯವರ ಕೈಗೆ ಕೊಟ್ಟ. ಶನಿವಾರ, ಸಾಮಾನಿಗೆ ಬಂದ ಜನ ತುಂಬಿದ್ದರು. ಇವರು ಓದಿಕೊಂಡು ಜೋರಾಗಿ, “ಇದೇನ್ಲಾ ಇದು, ಚಾಮ್ರಾಜನಗರದ ಮೇಷ್ಟ್ರು ನನ್ನೆಸ್ರ ನಾಕು ಸಲ ಬರ್ದು ಕಲ್ತ್ಕೊ ಅಂತ ನನ್ನೆಂಡ್ತಿಗೇ ಪಾಠ ಯೋಳವ್ರೆ!” ಅಂದರು. ಅಂಗಡಿಯೆಲ್ಲ ನಕ್ಕಿತು. ಅಂಗಡಿಯ ಒಳಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈಗಲಾದರೂ ತಿಳಿಯಿತೇ? ಆ ನಾಲ್ಕು ಮನೆಯಲ್ಲಿ ಇದ್ದದ್ದು ನಮ್ಮ ಮನೆಯವರ ಹೆಸರು.

ಗಂಡನ ಹೆಸರು ಹೇಳದೆ ಇರುವುದು ಎಲ್ಲ ಹೆಂಗಸರಿಗೂ ಇದ್ದದ್ದೇ. ಬರೆಯುವುದಕ್ಕೇನು ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ಜನಗಣತಿಯವರು ಬಂದಾಗ ಮನೆಯಲ್ಲಿ ನಾನೊಬ್ಬಳೇ. ಯಜಮಾನರ ಹೆಸರೇನು ಎಂದರು. ಬಾಯಿಂದ ಹೇಳಲಾರದೆ ಅವರ ಪೆನ್ನು ಇಸಿದುಕೊಂಡು ಬರೆದುಕೊಟ್ಟೆ. ವಾರ ತುಂಬುವ ಮೊದಲೇ ಇವರಿಗೆ ವಿಷಮಜ್ವರ ಹಿಡಿಯಿತು. ನಲವತ್ತು ದಿನ. ಒಂದು ದಿನವಂತೂ ನಮ್ಮ ಕೈ ಬಿಟ್ಟುಹೋದರು ಎಂದೇ ಆಗಿತ್ತು. ನಮ್ಮತ್ತೆ ಮಾದಪ್ಪನಿಗೆ ಹರಕೆ ಹೊತ್ತರು, ಇವರು ಎದ್ದು ಕೂತರು. ಆಮೇಲೆ ಅತ್ತೆ ನನ್ನನ್ನು ದೇವರ ಮುಂದೆ ಕೂರಿಸಿ, ದೀಪ ಮುಟ್ಟಿಸಿ, “ನಾಲಿಗೇಲೂ ಆಡದಿಲ್ಲ, ಕೈಯಲ್ಲೂ ಬರಿಯದಿಲ್ಲ ಅನ್ನಮ್ಮಿ” ಎಂದು ಮಾತು ತೆಗೆದುಕೊಂಡರು. ಕೊಟ್ಟೆ. ಅದು ಮೂಢನಂಬಿಕೆ ಎಂದು ನನ್ನ ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು ಆ ನಲವತ್ತು ದಿನವನ್ನು ಮರೆತಿಲ್ಲ. ಎರಡನ್ನೂ ಬದಿಗಿಟ್ಟರೂ ಕೊಟ್ಟ ಮಾತು ಇದೆಯಲ್ಲ?

ಕಾರ್ಡು ಓದಿದ ದಿನ ಇವರೇ, “ಬರ್ದ್ಬುಡಮ್ಮಿ, ನಂಗೇನಾದದು?” ಎಂದರು. ಕೇಳಿಸಿಕೊಂಡ ಅತ್ತೆ ಮೊರ ಕೆಳಗಿಟ್ಟು ಎದ್ದುಹೋದರು. ಅವತ್ತು ಅವರು ಊಟ ಮಾಡಲಿಲ್ಲ.

ನನಗೆ ಉತ್ತರ ಗೊತ್ತಿರಲಿಲ್ಲ ಎಂದಿರಲ್ಲ, ಅದೇ ನನಗೆ ಹೆಚ್ಚು ಉರಿಯುತ್ತಿರುವುದು. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲು ತಡೆದು ಹೆಸರು ಹೇಳು ಎಂದಾಗ ನಾನು ಹಾಕಿದ ಒಗಟು ಇದು: “ಮೊಸರ ಕಡೆದವರು ಬೆಣ್ಣೆ ತಿಂದರು, ಕಡಲ ಕಡೆದವರು ಅಮೃತ ಕುಡಿದರು, ಉಳಿದದ್ದ ಕುಡಿದು ಎಲ್ಲರ ಉಳಿಸಿದವನ ಹೆಸರೇ ನಮ್ಮನೆಯವರ ಹೆಸರು.” ಆಗ ನನಗೆ ಹದಿನೇಳು ವರ್ಷ. ನಿಮ್ಮ ಸುಳಿವಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ, ಗೊತ್ತಿದ್ದವರು ಯಾರು ಎಂದು ಹೇಳಿ.

ಶಾಂತಮಲ್ಲಮ್ಮ


ಚಾಮರಾಜನಗರ
೧೭-೯-೧೯೫೫

ಶ್ರೀಮತಿ ಶಾಂತಮಲ್ಲಮ್ಮನವರಿಗೆ,

ಕಾರ್ಡಿನಲ್ಲಿ ಬರೆದದ್ದು ನನ್ನ ತಪ್ಪು. ತಮ್ಮ ಯಜಮಾನರಲ್ಲಿಯೂ ಕ್ಷಮೆ ಕೇಳಿರುವುದಾಗಿ ತಿಳಿಸಿ.

ಆದರೆ ನಿಯಮ ನಿಯಮವೇ. ಖಾಲಿ ಬಿಟ್ಟ ಮನೆಯನ್ನು ತುಂಬಿದೆ ಎಂದು ಎಣಿಸಿ ಎಂದರೆ, ನಾಳೆ ಕೊಳ್ಳೇಗಾಲದವನೊಬ್ಬ ಇಡೀ ಕೂಪನ್ನು ಖಾಲಿ ಕಳಿಸಿ “ನನಗೆಲ್ಲ ಗೊತ್ತು” ಎನ್ನುತ್ತಾನೆ. ತಮಗೆ ತಿಳಿಯದ ಇನ್ನೊಂದು ಸಂಗತಿ ಇದೆ. ಹೋದ ವರ್ಷ ಗೆದ್ದವನು ನನ್ನ ಸೋದರಳಿಯ. ಅವನು ನನ್ನ ಮನೆಗೆ ಕಾಲಿಟ್ಟು ಎರಡು ವರ್ಷವಾಗಿತ್ತು. ಆದರೂ ಮಾವ ಉತ್ತರ ಹೇಳಿಕೊಟ್ಟ ಎಂದು ಊರೆಲ್ಲ ಗುಲ್ಲಾಯಿತು. ಶಾಲೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದರು. ಅರಗಿನ ಲಕೋಟೆ ಶುರುವಾದದ್ದೇ ಅದಾದ ಮೇಲೆ. ಈ ಸಲ ಕೂದಲೆಳೆಯಷ್ಟು ರಿಯಾಯಿತಿ ತೋರಿಸಿದರೂ ನಾನು ತಲೆಯೆತ್ತಿ ತಿರುಗಾಡುವಂತಿಲ್ಲ.

ತಾವು ವಿದ್ಯಾವಂತೆ. ಹೆಸರು ಬರೆಯುವುದಕ್ಕೂ ವಿಷಮಜ್ವರಕ್ಕೂ ಸಂಬಂಧವಿಲ್ಲವೆಂದು ತಮಗೇ ಗೊತ್ತು. ಜ್ವರ ಬರುವುದು ಕೆಟ್ಟ ನೀರಿನಿಂದ. ಗಂಡನ ಹೆಸರು ಎಂದುಕೊಳ್ಳದೆ ಶಿವನ ಹೆಸರು ಎಂದುಕೊಂಡು ಬರೆಯಬಹುದಿತ್ತು. ಬೆಳಿಗ್ಗೆ ಎದ್ದು ಶಿವನಾಮ ಹೇಳುವುದಿಲ್ಲವೇ?

ಒಗಟನ್ನು ಓದಿದೆ.

ಗುರುಮಲ್ಲಯ್ಯ


ಗುಂಡ್ಲುಪೇಟೆ
೨೧-೯-೧೯೫೫

ಪಂಡಿತರಿಗೆ.

ಶಿವನಿಗೆ ಸಾವಿರ ಹೆಸರು. ಬೆಳಿಗ್ಗೆ ಎದ್ದು ಆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತೇನೆ. ಮದುವೆಯಾದ ಈ ಒಂಬತ್ತು ವರ್ಷದಿಂದ ಶಿವನೂ ನನ್ನ ಕೂಪನ್ನಿನಲ್ಲಿ ತಪ್ಪು ಹಿಡಿದಿಲ್ಲ.

ನಿಮ್ಮ ಮನೆಯಲ್ಲಿಯೂ ಒಬ್ಬರು ಇದ್ದಾರಲ್ಲ? ಅವರು ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದು ಒಂದು ಸಲ ಕೇಳಿ ನೋಡಿ.

ಉಳಿದ ವಾರಗಳ ಕೂಪನ್ನುಗಳನ್ನು ಕಳಿಸುತ್ತಲೇ ಇರುತ್ತೇನೆ. ಗೆಲ್ಲುವ ಆಸೆಗಲ್ಲ. ಬಿಡಿಸದೆ ಇರಲು ನನ್ನಿಂದಾಗುವುದಿಲ್ಲ, ಅದಕ್ಕೆ. ನನ್ನ ಪದಬಂಧವನ್ನು ಕೊಳಗದೊಳಗೆ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ.

ಹೋಗುವ ಮುಂಚೆ ಒಂದು ಸುಳಿವು. “ಚಾಮರಾಜನಗರದ ತುದಿಯಲ್ಲಿ ವಿಷ.” ಎರಡು ಮನೆ. ‘ಗರ’ ಎಂದು ನಾನೇ ಬರೆದುಬಿಡುತ್ತೇನೆ, ನಿಮಗೆ ತೊಂದರೆ ಬೇಡ.

ಶಾಂತಮಲ್ಲಮ್ಮ


ಚಾಮರಾಜನಗರ
೧೨-೧೦-೧೯೫೫

ತಂಗಿ ಶಾಂತಮಲ್ಲಮ್ಮನವರಿಗೆ ಆಶೀರ್ವಾದಗಳು.

ಮೂರು ವಾರ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ನಿಮ್ಮ ‘ಗರ’ವನ್ನು ಹರಿದು ಒಲೆಗೆ ಹಾಕಿದೆ. ಹಾಕಿದ ಮೇಲೂ ಅದು ತಲೆಯಿಂದ ಹೋಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಕುದೇರಿನ ರಂಗನಾಯಕ ಹನ್ನೊಂದನೆ ವಾರ ಎಡವಿದ. ಹನ್ನೆರಡು ವಾರವೂ ತಪ್ಪಿಲ್ಲದವರು ಈಗ ಯಾರೂ ಇಲ್ಲ. ನಿಮ್ಮ ಕೂಪನ್ನುಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ತಪ್ಪು ಒಂದೂ ಇಲ್ಲ, ಆ ನಾಲ್ಕು ಖಾಲಿ ಮನೆಗಳನ್ನು ಬಿಟ್ಟರೆ. ಸಂಪಾದಕರು ದೀಪಾವಳಿ ಸಂಚಿಕೆಯ ಆ ಪುಟಕ್ಕೆ ಕೂದಲೆಣ್ಣೆಯ ಜಾಹೀರಾತು ಹಾಕುವ ಯೋಚನೆಯಲ್ಲಿದ್ದರು.

ಎರಡನೆಯದು ನನ್ನ ಮನೆಯ ಸುದ್ದಿ. ನೀವು ಹೇಳಿದಂತೆ ನನ್ನಾಕೆ ಪುಟ್ಟಸಿದ್ದಮ್ಮನನ್ನು, ನನ್ನ ಹೆಸರೇನು ಹೇಳು ನೋಡೋಣ ಎಂದು ಕೇಳಿದೆ. “ಇಸ್ಕೂಲ್ ಮಕ್ಕಳ್ಗೆ ಕೇಳೋದ ನನ್ನ್ಯಾಕೆ ಕೇಳೀರಿ?” ಎಂದು ರೊಟ್ಟಿ ತಟ್ಟುತ್ತಲೇ ಇದ್ದಳು. ನಾನು ಬಿಡಲಿಲ್ಲ. ಕೊನೆಗೆ ಅವಳು, “ಸಂಕ್ರಾಂತಿ ದಿನ ರೈಲ್ನಲ್ಲೇ ಅನ್ನಕ್ಕಾಗ್ಲಿಲ್ಲ, ಈಗಂದೇನಾ?” ಎಂದಳು.

ಏನೆಂದು ಕೇಳಿದರೆ, ಹೋದ ಸಂಕ್ರಾಂತಿಗೆ ನಾನು ಮೈಸೂರಿಗೆ ಹೊರಟಾಗ ಕನ್ನಡಕ ಮರೆತಿದ್ದೆ. ರೈಲು ಬಿಟ್ಟಿತು. ಪ್ಲಾಟ್‌ಫಾರಮಿನಲ್ಲಿ ಯಾರೋ ಹೆಂಗಸು ಚಪ್ಪಾಳೆ ತಟ್ಟುತ್ತ ಓಡಿಬರುತ್ತಿದ್ದಳು. ಬರಿಗಣ್ಣಿಗೆ ಮುಖ ಕಾಣಲಿಲ್ಲ. ಯಾರೋ ತಲೆಕೆಟ್ಟವಳು ಎಂದುಕೊಂಡು ಕಿಟಕಿ ಎಳೆದುಕೊಂಡೆ. ಅದು ಪುಟ್ಟಸಿದ್ದಮ್ಮ. ಕನ್ನಡಕ ತಂದಿದ್ದಳು. ಹೆಸರು ಹಿಡಿದು ಕೂಗಲಾರದೆ ಪ್ಲಾಟ್‌ಫಾರಮಿನ ಕೊನೆಯವರೆಗೂ ಚಪ್ಪಾಳೆ ತಟ್ಟಿದ್ದಳು. ಮನೆಗೆ ಬಂದ ಮೇಲೆ “ಕನ್ನಡಕ ಬುಟ್ಟೋಗಿದ್ರಿ” ಎಂದಷ್ಟೇ ಹೇಳಿದ್ದಳು. ತಂಗೀ, ಇದನ್ನು ಕೇಳಿದ ದಿನ ನನಗೆ ರೊಟ್ಟಿ ಇಳಿಯಲಿಲ್ಲ.

ಪುಟ್ಟಬಸಪ್ಪನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಒಂದು ಗಂಟೆ ವಾದವಾಯಿತು. ಕೊನೆಗೆ ಇಷ್ಟಕ್ಕೆ ಒಪ್ಪಿದ್ದಾರೆ: ಆ ನಾಲ್ಕು ಮನೆಯನ್ನು ನಿಮ್ಮ ಮನೆಯಲ್ಲಿ ಮಾತಿಗೆ ಕಟ್ಟುಬೀಳದ ಇನ್ನೊಬ್ಬರು ಶಾಯಿಯಲ್ಲಿ ತುಂಬಬಹುದು. ಆದರೆ ಯಜಮಾನರು ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುವಂತಿಲ್ಲ, ಅವರು ಸಾಕ್ಷಿಯಾಗಿ ರುಜು ಹಾಕಬೇಕು. ಈ ತಿಂಗಳ ಇಪ್ಪತ್ತಾರರೊಳಗೆ ಬರಬೇಕು. ಆ ಕೂಪನ್ನನ್ನು ಇದರೊಂದಿಗೆ ಇಟ್ಟಿದ್ದೇನೆ. ಅಟ್ಟದ ಮೇಲಿನ ಕೊಳಗವನ್ನು ಇಳಿಸಿ.

ನಿಮ್ಮ ಒಗಟು ನನ್ನ ಸುಳಿವಿಗಿಂತ ಚೆನ್ನಾಗಿದೆ. ಹೋದ ತಿಂಗಳೇ ಹೇಳಬೇಕಿತ್ತು, ಹೊಟ್ಟೆಕಿಚ್ಚಿಗೆ ಹೇಳಲಿಲ್ಲ.

ಇಂತು,
ಗುರುಮಲ್ಲಯ್ಯ


ಗುಂಡ್ಲುಪೇಟೆ
೨೪-೧೦-೧೯೫೫

ಅಣ್ಣ ಗುರುಮಲ್ಲಯ್ಯನವರಿಗೆ ಶರಣು ಶರಣಾರ್ಥಿ.

ಇನ್ನೊಬ್ಬರು ಎಂದರೆ ನಮ್ಮ ಮನೆಯಲ್ಲಿ ಅತ್ತೆಯೊಬ್ಬರೇ. ಅವರಿಗೆ ಒಂದಕ್ಷರ ಬಾರದು, ಹೆಬ್ಬೆಟ್ಟು. ಕಾಗದ ಓದಿ ಹೇಳಿದೆ, ಇದು ಆಗದ ಮಾತು ಬಿಡಿ ಅತ್ತೆ ಎಂದೆ. ಅವರು, “ನಾನೆತ್ತ ಮಗನ ಹೆಸ್ರ ನಾನ್ ಬರೆಯಕೆ ಯಾವ ದೇವ್ರ ಅಪ್ಪಣೆ ಬೇಕಮ್ಮಿ? ಕಲಿಸು” ಎಂದರು.

ಕಲಿಸುವುದು ಹೇಗೆ? ನಾನು ಬರೆದು ತೋರಿಸುವಂತಿಲ್ಲ. ಬಾಯಲ್ಲಿ ಹೇಳುವಂತಿಲ್ಲ. ಅಂಗಡಿಗೆ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದೆ. ಮೊದಲನೆಯದು ಬಟ್ಟೆಗೆ ಹಾಕುವ ನೀಲಿಯ ಡಬ್ಬದ ಮೇಲಿತ್ತು. ಎರಡನೆಯದು ಲವಂಗದ ಡಬ್ಬದ ಮೇಲೆ. ಮೂರನೆಯದು ಸೀಮೆಎಣ್ಣೆ ಡಬ್ಬದ ಮೇಲೆ, ‘ಕಂಪನಿ’ ಎಂದು ಬರೆದಿರುವಲ್ಲಿ. ನಾಲ್ಕನೆಯದು ಎಷ್ಟು ಹುಡುಕಿದರೂ ಇಲ್ಲ! ಬೇಳೆ, ಬೆಲ್ಲ, ಹುಣಸೆ, ಸಾಬೂನು, ಎಲ್ಲ ನೋಡಿದೆವು. ಎರಡು ದಿನ ಹಾಗೇ ಹೋಯಿತು, ನನಗೆ ಅಳು ಬಂತು. ಕೊನೆಗೆ ಗಲ್ಲಾದ ಹಿಂದೆ ನೇತುಹಾಕಿದ್ದ ಮಠದ ಕ್ಯಾಲೆಂಡರಿನಲ್ಲಿ ಸಿಕ್ಕಿತು.

ಅತ್ತೆ ಮೊರದಲ್ಲಿ ರಾಗಿಹಿಟ್ಟು ಹರಡಿಕೊಂಡು ಎಂಟು ದಿನ ಬೆರಳಾಡಿಸಿದರು. ಕಾಲು ನೀಡಿಕೊಂಡು, ನಾಲಿಗೆ ಕಚ್ಚಿಕೊಂಡು. ನಿನ್ನೆ ಪೆನ್ನು ಹಿಡಿದರು. ಸೌಟು ಹಿಡಿದ ಹಾಗೆ ಹಿಡಿದರು. ಮೂರನೆಯ ಮನೆಯ ಅಕ್ಷರ ಗೆರೆ ದಾಟಿ ಆಚೆ ಹೋಗಿದೆ, ದಯವಿಟ್ಟು ಅದನ್ನು ತಿದ್ದಿದ್ದು ಎಂದು ಎಣಿಸಬೇಡಿ. ಬರೆದು ಮುಗಿಸಿ ಮಗನ ಮುಖ ನೋಡಿ, “ಓದ್ಲಾ” ಎಂದರು. ಇವರು ಓದಲಿಲ್ಲ. ಕಣ್ಣು ಒರೆಸಿಕೊಂಡು, ರುಜು ಹಾಕಿ, ಎದ್ದು ಅಂಗಡಿಗೆ ಹೋದರು.

ಕೂಪನ್ನನ್ನೂ ನನ್ನ ಪದಬಂಧವನ್ನೂ ಬಸ್ಸಿನ ಕಂಡಕ್ಟರ್ ಪುಟ್ಟಮಾದಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ, ಪೋಸ್ಟನ್ನು ನಂಬುವುದಿಲ್ಲ. ನೂರ ಇಪ್ಪತ್ತೊಂದು ಮನೆ. ಹಕ್ಕಿಯೂ ಒಂದಿದೆ, ಅದಕ್ಕೆ ಒಂದೇ ಉತ್ತರ. ಕೆಳಗೆ ನನ್ನ ಹೆಸರು ಬರೆದಿದ್ದೇನೆ.

ನಿಮ್ಮ ಮನೆಯ ಅತ್ತಿಗೆಗೆ ನನ್ನ ನಮಸ್ಕಾರ.

ಇಂತಿ ನಿಮ್ಮ ತಂಗಿ,
ಶಾಂತಮಲ್ಲ‌ಮ್ಮ


ಚಾಮರಾಜನಗರ
೧೧-೧೧-೧೯೫೫

ತಂಗಿ ಶಾಂತಮಲ್ಲಮ್ಮನಿಗೆ ಆಶೀರ್ವಾದಗಳು.

ಇಂದು ಸಂಜೆ ದೀಪಾವಳಿ ಸಂಚಿಕೆ ಅಚ್ಚಾಗಿ ಹೊರಬಂತು, ಶಾಯಿ ಇನ್ನೂ ಹಸಿ. ನಾಳೆ ಬೆಳಗಿನ ಬಸ್ಸಿಗೆ ಹತ್ತು ಪ್ರತಿ ಕಳಿಸುತ್ತಿದ್ದೇನೆ. ಪೂರ್ತಿ ಪುಟ! ನಾನು ಬಿಡಿಸಲು ಕೂತು ಎರಡು ದಿನವಾದರೂ ಮೂರು ಸುಳಿವಿಗೆ ಉತ್ತರ ಸಿಗಲಿಲ್ಲ. ಅದನ್ನು ಪತ್ರಿಕೆಯಲ್ಲಿ ಒಪ್ಪಿಕೊಂಡಿದ್ದೇನೆ. ನಿಮ್ಮ ಅತ್ತೆಯವರ ಆ ನಾಲ್ಕು ಅಕ್ಷರಗಳನ್ನು ಸಂಪಾದಕರು ಮೂರು ಸಲ ನೋಡಿದರು, ಗೆರೆ ದಾಟಿದ್ದನ್ನು ಯಾರೂ ಎತ್ತಲಿಲ್ಲ.

ಇನ್ನೊಂದು ಸಂತೋಷದ ವಿಷಯ. ಪದಬಂಧದ ಕೆಳಗೆ ನೀವು ಬರಿಯ ನಿಮ್ಮ ಹೆಸರನ್ನು ಬರೆದಿದ್ದಿರಿ. ನೋಡಿದ ಕೂಡಲೇ ನಿಮ್ಮ ಸಂಕಟ ಅರ್ಥವಾಯಿತು. ಯಜಮಾನರ ಹೆಸರನ್ನು ಬರೆಯಲಾರದೆ ಅಲ್ಲಿಯೂ ಖಾಲಿ ಬಿಟ್ಟಿದ್ದೀರಿ. ಈ ಸಲ ಆ ಖಾಲಿ ಜಾಗವನ್ನು ನಾನೇ ತುಂಬಿದೆ. ಗೌರವಸ್ಥರ ಮನೆಯ ಹೆಣ್ಣುಮಗಳಿಗೆ ಒಪ್ಪುವ ಹಾಗೆ, ಯಜಮಾನರ ರುಜು ನೋಡಿ, ದಪ್ಪ ಅಕ್ಷರದಲ್ಲಿ ‘ಶ್ರೀಮತಿ ನೀಲಕಂಠಸ್ವಾಮಿ, ಗುಂಡ್ಲುಪೇಟೆ’ ಎಂದು ಹಾಕಿಸಿದ್ದೇನೆ. ನಿಮ್ಮ ಕೈಗೂ ನಾಲಿಗೆಗೂ ದೋಷ ತಟ್ಟಲಿಲ್ಲ, ಹೆಸರೂ ಬಂತು. ಅಣ್ಣನ ಹಬ್ಬದ ಉಡುಗೊರೆ ಎಂದುಕೊಳ್ಳಿ.

ಇಂತು ನಿಮ್ಮ ಅಣ್ಣ,
ಗುರುಮಲ್ಲಯ್ಯ


ಗುಂಡ್ಲುಪೇಟೆ
೧೭-೧೧-೧೯೫೫

ಅಣ್ಣನವರಿಗೆ.

ಹತ್ತು ಪ್ರತಿಯೂ ಬಂದವು. ಹಬ್ಬ ಮುಗಿಯಲಿ ಎಂದು ಇಷ್ಟು ದಿನ ಬರೆಯಲಿಲ್ಲ. ಹಬ್ಬದ ದಿನ ಸಿಟ್ಟಿನಲ್ಲಿ ಬರೆಯಬಾರದು.

ಅಂಗಡಿಗೆ ಬಂದವರೆಲ್ಲ “ಸಾವ್ಕಾರ್ರೆ, ಪೇಪರ್ನಲ್ಲಿ ನಿಮ್ಮೆಸ್ರು ಬಂದದೆ” ಎಂದು ಇವರ ಕೈ ಕುಲುಕಿದರು. ಇವರು ಮೊದಲ ದಿನ, “ನಂದಲ್ಲ ಕಣ್ರಪ್ಪ, ನಮ್ಮನೇವ್ಳ್ದು” ಎಂದು ಹೇಳಿದರು. ಎರಡನೆ ದಿನ ಹೇಳಿ ಹೇಳಿ ಸಾಕಾಗಿ ಸುಮ್ಮನೆ ನಕ್ಕರು. ಸಂಜೆ ಮನೆಗೆ ಬಂದು ಪತ್ರಿಕೆಯನ್ನು ಮಡಿಸಿ ಇಟ್ಟು, “ನಾನ್ ಒಂದ್ ಮನೆನೂ ಕಟ್ಲಿಲ್ಲ. ನಂಗ್ಯಾಕಮ್ಮಿ ಇದು?” ಎಂದರು.

ಅತ್ತೆಗೆ ಈಗ ನಾಲ್ಕಕ್ಷರ ಬರುತ್ತದಲ್ಲ? ಪುಟ ಬಿಡಿಸಿಕೊಂಡು ಬೆರಳಿಟ್ಟು ಹುಡುಕಿದರು. ಸಿಕ್ಕಿತು. ಒಂದೊಂದಾಗಿ ಓದಿ ಮಕ್ಕಳ ಹಾಗೆ ನಕ್ಕರು. ಆಮೇಲೆ ತಲೆಯೆತ್ತಿ, “ಇದು ನನ್ಮಗನ್ದಾಯ್ತು. ನಿನ್ನೆಸ್ರು ಎಲ್ಲಮ್ಮಿ?” ಎಂದರು. ಇಲ್ಲ ಅತ್ತೆ ಎಂದೆ. “ಒಂದ್ವರ್ಸ ಕುಂತು ಗೀಚ್ದೋಳು ನೀನಲ್ವಾ?” ಎಂದರು. ನಾನು ಒಳಗೆ ಹೋಗಿ ಒಲೆ ಊದಿದೆ. ಹೊಗೆಯಿಲ್ಲದಿದ್ದರೂ ಊದಿದೆ.

ಅಣ್ಣ, ಅತ್ತಿಗೆ ಚಪ್ಪಾಳೆ ತಟ್ಟಿದ್ದನ್ನು ಕೇಳಿ ನಿಮಗೆ ರೊಟ್ಟಿ ಇಳಿಯಲಿಲ್ಲ ಎಂದು ಓದಿದಾಗ ನಿಮಗೆ ಎಲ್ಲ ತಿಳಿಯಿತು ಎಂದುಕೊಂಡೆ. ನಾನು ಏಳನೆ ವಾರ ಖಾಲಿ ಬಿಟ್ಟದ್ದು ಇವರ ಹೆಸರನ್ನು. ಪದಬಂಧದ ಕೆಳಗೆ ನಾನು ಏನನ್ನೂ ಖಾಲಿ ಬಿಟ್ಟಿರಲಿಲ್ಲ. ಅಲ್ಲಿ ಬೇಕಾದದ್ದೆಲ್ಲ ಬರೆದಿತ್ತು. ತುಂಬಿದ ಮನೆಯನ್ನು ಅಳಿಸಿದವರು ನೀವು. ನೀವು ದೊಡ್ಡದಾಗಿ ಹಾಕಿಸಿದ್ದನ್ನು ನಾನು ಒಬ್ಬರಿಗೆ ಓದಿ ಹೇಳುವಂತೆಯೂ ಇಲ್ಲ.

ಅತ್ತೆ ಇವತ್ತು ಬೆಳಿಗ್ಗೆಯಿಂದ ಮತ್ತೆ ಮೊರದಲ್ಲಿ ಹಿಟ್ಟು ಹರಡಿಕೊಂಡು ಕೂತಿದ್ದಾರೆ. ಈ ಸಲ ಡಬ್ಬ, ಕ್ಯಾಲೆಂಡರು ಯಾವುದೂ ಬೇಕಾಗಲಿಲ್ಲ. ನಾನೇ ಬರೆದು ತೋರಿಸಿದೆ, ಬಾಯಲ್ಲೂ ಹೇಳಿದೆ. ಕೊನೆಯ ಮೂರು ಅಕ್ಷರ ಅವರ ಹೆಸರಿನಲ್ಲೂ ಇವೆ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಕಲಿತ ಮೇಲೆ ಹತ್ತು ಪ್ರತಿಯ ಮೇಲೂ ಅವರೇ ಬರೆಯುತ್ತಾರಂತೆ. ಉಳಿದ ಊರುಗಳಿಗೆ ಹೋದ ಪ್ರತಿಗಳು ನಿಮ್ಮ ಪಾಲಿಗೆ.

ಇದರೊಂದಿಗೆ ಒಂದು ಪದಬಂಧ ಇಟ್ಟಿದ್ದೇನೆ. ಬಹಳ ಚಿಕ್ಕದು, ಒಂದೇ ಸಾಲು, ಐದು ಮನೆ. ಸುಳಿವು: “ದೀಪಾವಳಿ ಸಂಚಿಕೆಯ ಪದಬಂಧವನ್ನು ಕಟ್ಟಿದವಳು.” ಶಾಯಿಯಲ್ಲಿ, ಸ್ವಂತ ಕೈಯಿಂದ ತುಂಬಬೇಕು. ತಿದ್ದಬಾರದು. ಒಂದು ಮನೆಯೂ ಖಾಲಿ ಇರಬಾರದು. ಸರಿಯುತ್ತರವನ್ನು ಮುಂದಿನ ಶನಿವಾರದ ಪತ್ರಿಕೆಯಲ್ಲಿ ಅಚ್ಚು ಹಾಕಿ.

ಧೈರ್ಯವಾಗಿ ಬರೆಯಿರಿ. ಇದನ್ನು ಬರೆದರೆ ಯಾರಿಗೂ ಜ್ವರ ಬರುವುದಿಲ್ಲ.

ಇಂತಿ,
□ □ □ □ □